ಭರಣಿಯೊಳಗಿನ ದನಗಳು

ನಮ್ಮ ಮನೆಯವರು ನನ್ನ ಅಮೀಬಗಳನ್ನು ದನಗಳೆಂದೇ ಕರೆಯುತ್ತಿದ್ದರು. ಅದಕ್ಕೆ ಕಾರಣ ನಾನೇ. ಹುನಗುಂದದ ಒಂದು ಕಾಲೇಜಿನಲ್ಲಿ ನಾನು ಜೀವಶಾಸ್ತ್ರ ಕಲಿಸುತ್ತೇನೆ. ಪ್ರತಿವರ್ಷ ಮಳೆಗಾಲ ಹಿಂದೆ ಸರಿಯುವ ಹೊತ್ತಿಗೆ ಹೊಂಡದ ನೀರನ್ನು ಅಗಲ ಬಾಯಿಯ ಗಾಜಿನ ಭರಣಿಗೆ ತುಂಬಿ, ಕಣಿಕೆಯೆಂಬ ಜೋಳದ ಒಣ ದಂಟನ್ನು ಗೇಣುದ್ದ ಕತ್ತರಿಸಿ ಕುದಿಸಿ ಅದರಲ್ಲಿ ಬಿಟ್ಟು, ಬಿಸಿಲು ತಾಗದ ಮೂಲೆಯಲ್ಲಿ ಇಡುತ್ತೇನೆ. ಕಣಿಕೆ ಕೊಳೆಯುತ್ತಿದ್ದಂತೆ ಅದನ್ನು ತಿಂದು ಬ್ಯಾಕ್ಟೀರಿಯಾ ಹೆಚ್ಚುತ್ತವೆ; ಅವನ್ನು ತಿನ್ನಲು ಅಮೀಬ, ಪ್ಯಾರಮೀಸಿಯಂನಂಥ ಒಂದೇ ಕೋಶದ ಜೀವಿಗಳೆಲ್ಲ ನೆರೆಯುತ್ತವೆ. ವಾರ ಕಳೆಯುವುದರೊಳಗೆ ಒಂದು ಹನಿ ನೀರಿನಲ್ಲಿ ಸಂತೆಯ ಗದ್ದಲ. ಪಕ್ಕದ ಮನೆಯ ಎಮ್ಮೆಗೆಂದು ತಂದ ಕಣಿಕೆಯಲ್ಲಿ ಒಂದು ಹಿಡಿ ಇಸಿದುಕೊಂಡು ನಾನು ಬೆಳಿಗ್ಗೆ ಬಸ್ಸಿಗೆ ಹೊರಟರೆ ನಮ್ಮ ಮನೆಯವರು ಮಗ್ಗದಿಂದಲೇ ತಲೆ ಎತ್ತಿ ಕೇಳುತ್ತಿದ್ದರು.

"ದನಕ್ಕ ಮೇವ ಹಾಕಾಕ ಹೊಂಟಿ?"

"ಹೌದ್ರಿ. ನಿಮ್ಮ ಮಗ್ಗಕ್ಕ ಮೇವ ಬ್ಯಾಡ, ನನ್ನ ದನಕ್ಕ ಬೇಕಲ್ಲ."

ಅವರು ನೇಕಾರರು. ಇಳಕಲ್ಲಿನ ನಮ್ಮ ಮನೆಯ ಪಡಸಾಲೆಯಲ್ಲೇ ಕುಣಿಮಗ್ಗವಿದೆ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತು ಇಳಕಲ್ ಸೀರೆ ನೇಯುತ್ತಾರೆ. ಸೂಕ್ಷ್ಮದರ್ಶಕಕ್ಕೆ ಒಮ್ಮೆ ಕಣ್ಣಿಟ್ಟು ನೋಡಿ ಎಂದು ನಾನು ಎಷ್ಟು ಸಲ ಕರೆದರೂ ಬಂದವರಲ್ಲ. "ದಿನಾ ಎಳಿ ನೋಡಿ ನೋಡಿ ಸಾಕಾಗೇತಿ. ಎಳಿಕಿಂತ ಸಣ್ಣೂವನ್ನ ನೋಡಿ ನಾ ಏನ್ ಮಾಡ್ಲಿ?" ಎನ್ನುತ್ತಿದ್ದರು. ಹೋಗಲಿ ಬಿಡಿ ಎಂದು ನಾನೂ ಬಿಟ್ಟಿದ್ದೆ. ನೋಡುವ ಕೆಲಸ ನನ್ನ ಬಲಗಣ್ಣಿನದು. ಬಲಗಣ್ಣನ್ನು ಯಂತ್ರಕ್ಕೆ ಇಟ್ಟು ಎಡಗಣ್ಣನ್ನು ಸುಮ್ಮನೆ ತೆರೆದಿಡುವುದು ನನಗೆ ಓದುವ ಕಾಲದಿಂದ ಬಂದ ರೂಢಿ. ರವಿವಾರಗಳಲ್ಲಿ ಬಲಗಣ್ಣಿಗೆ ಇನ್ನೊಂದು ಕೆಲಸವೂ ಇತ್ತು. ಇಳಕಲ್ ಸೀರೆಯಲ್ಲಿ ಮೈಯ ಉದ್ದೆಳೆಗಳ ಹಾಸು ಬೇರೆ, ಸೆರಗಿನ ಹಾಸು ಬೇರೆ; ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸಬೇಕು. ಅದಕ್ಕೆ ನಾನು ಅವರ ಎದುರು ಕೂರುತ್ತಿದ್ದೆ. ನಮ್ಮಿಬ್ಬರ ಮಾತುಕತೆ, ಜಗಳ, ರಾಜಿ ಎಲ್ಲ ಆ ಎಳೆಗಳ ಮೇಲೆಯೇ ನಡೆಯುತ್ತಿತ್ತು.

ಆ ಬಲಗಣ್ಣು ಹೋಗುವ ಹಾದಿ ಹಿಡಿದದ್ದನ್ನು ಈಗ ಬರೆಯುತ್ತಿದ್ದೇನೆ. ಉಳಿಯುತ್ತದೆಯೋ ಇಲ್ಲವೋ ಎಂಬುದು ಇಂದಿಗೂ ಗೊತ್ತಿಲ್ಲ.

ನೀರಿನ ವಿಷಯದಲ್ಲಿ ನನಗೆ ಸ್ವಲ್ಪ ಹುಚ್ಚು. ಒಂದೇ ಕಡೆಯ ನೀರು ತಂದರೆ ತೃಪ್ತಿಯಿಲ್ಲ. ಬಾದಾಮಿಯ ಕೆರೆಯದು ಒಂದು ಭರಣಿ, ಮರೋಳದ ಕಾಲುವೆಯದು ಒಂದು ಭರಣಿ. ಮೂರನೆಯದಕ್ಕೆ ಇಳಕಲ್ಲಿನ ಹೊರಗೆ ಕೆಂಪು ಕಲ್ಲು ತೆಗೆದು ಬಿಟ್ಟುಹೋದ ಒಂದು ಹಳೆಯ ಕ್ವಾರಿಯ ನೀರು. ಮಳೆಯ ನೀರು ಆ ಗುಂಡಿಯಲ್ಲಿ ನಿಂತು ತಳದ ಕಲ್ಲು ಕಾಣುವಷ್ಟು ತಿಳಿಯಾಗಿರುತ್ತದೆ. ಇದರಲ್ಲಿ ಏನೂ ಇಲ್ಲ ಎಂದು ತರಗತಿಯ ಹುಡುಗಿಯರು ಮೂಗು ಮುರಿಯಬೇಕು, ಆಮೇಲೆ ಅದೇ ನೀರಿನ ಹನಿಯಲ್ಲಿ ಓಡಾಟ ನೋಡಿ ಬಾಯಿ ತೆರೆಯಬೇಕು. ಆ ಆಟ ನನಗೆ ಬಹಳ ಇಷ್ಟ. "ಕಾಣದಿದ್ದದ್ದು ಇಲ್ಲ ಅಂತ ಅಲ್ಲ" ಎಂದು ನಾನು ಹೇಳಿ, ಬೋರ್ಡಿಗೆ ತಿರುಗಿ ಅಮೀಬದ ಚಿತ್ರ ಬರೆಯುತ್ತಿದ್ದೆ. ಅದಕ್ಕೆ ಗೊತ್ತಾದ ಆಕಾರವಿಲ್ಲ, ಬಾಯಿಯಿಲ್ಲ, ಕಾಲಿಲ್ಲ, ಆದರೂ ನಡೆಯುತ್ತದೆ, ತಿನ್ನುತ್ತದೆ. ಪಾಪದ ಜೀವ ಎಂದು ಸೇರಿಸುತ್ತಿದ್ದೆ. ಎಷ್ಟು ಮಕ್ಕಳಿಗೆ ಹಾಗೆ ಹೇಳಿದ್ದೇನೋ.

ಅಂದು ರವಿವಾರ. ನಮ್ಮ ಮನೆಯವರು ಗಾಡಿಯಲ್ಲಿ ನನ್ನನ್ನು ಕ್ವಾರಿಗೆ ಕರೆದುಕೊಂಡು ಹೋಗಿ, ತಾವು ಮೇಲೆ ರಸ್ತೆಯಲ್ಲಿ ಯಾರೋ ಪರಿಚಯದವರ ಜೊತೆ ಮಾತಿಗೆ ನಿಂತರು. ನಾನು ಕೆಳಗೆ ಇಳಿದೆ. ನೀರು ತುಂಬಿಸಿಕೊಳ್ಳಲು ಬೇರೆ ಬಾಟಲಿ ತರುವುದನ್ನು ಮರೆತಿದ್ದೆ. ಕುಡಿಯುವ ನೀರಿನ ಬಾಟಲಿ ಒಂದೇ ಇತ್ತು. ಅದರಲ್ಲಿದ್ದ ನೀರನ್ನು ಕಲ್ಲಿನ ಮೇಲೆ ಚೆಲ್ಲಿ, ಕ್ವಾರಿಯ ನೀರು ತುಂಬಿಕೊಂಡೆ. ಮುಚ್ಚಳ ತಿರುಗಿಸುವಾಗ ಗಾಳಿ ಎದ್ದಿತು. ಸುತ್ತ ಬಿದ್ದಿದ್ದ ಕಲ್ಲಿನ ಪುಡಿ ಎದ್ದು ಬಲಗಣ್ಣಿಗೆ ಬಡಿಯಿತು. ಉಜ್ಜಬಾರದು, ತೊಳೆಯಬೇಕು ಎಂಬುದು ನನಗೆ ಗೊತ್ತು. ಕೈಯಲ್ಲಿ ನೀರಿತ್ತು. ಬಾಟಲಿಯಿಂದ ಅಂಗೈಗೆ ಸುರಿದುಕೊಂಡು, ಅಂಗೈಯ ನೀರಿನಲ್ಲಿ ಕಣ್ಣು ತೆರೆದು ಮುಚ್ಚಿ, ತೆರೆದು ಮುಚ್ಚಿ ತೊಳೆದೆ. ನೀರು ತಣ್ಣಗಿತ್ತು, ಹಾಯೆನಿಸಿತು. ಖಾಲಿಯಾದ ಬಾಟಲಿಯನ್ನು ಮತ್ತೆ ತುಂಬಿಸಿಕೊಂಡು ಮೇಲೆ ಬಂದೆ.

ಮನೆಗೆ ಬಂದರೂ ಕಣ್ಣಿನಲ್ಲಿ ಏನೋ ಒತ್ತುತ್ತಿತ್ತು. ನಮ್ಮ ಅತ್ತೆ ಚೊಳಚಗುಡ್ಡದವರು. ಕಣ್ಣಿನ ಕಸವನ್ನು ನಾಲಿಗೆಯ ತುದಿಯಿಂದ ತೆಗೆಯುವುದರಲ್ಲಿ ಓಣಿಗೆಲ್ಲ ಹೆಸರಾದವರು. ನನ್ನ ಕೆಂಪಾದ ಕಣ್ಣು ನೋಡಿದವರೇ ಬಾಯಿ ಮುಕ್ಕಳಿಸಿ ಬಂದು ಎದುರು ಕೂತರು.

"ಬಾ ನನ್ನವ್ವ, ಇಲ್ಲೆ ಬೆಳಕಿಗೆ ಕೂಡ್ರು. ಒಂದ ಸಲ ನಾಲಿಗಿ ಆಡಿಸಿದರ ಕಸ ಬರ್ತೈತಿ."

"ಬ್ಯಾಡ್ರಿ ಅತ್ತಿ. ಬಾಯಾಗ ಎಷ್ಟ ಕ್ರಿಮಿ ಇರ್ತಾವ ಗೊತ್ತೇನ್ರಿ? ಕಣ್ಣಿಗೆ ಹಂಗೆಲ್ಲಾ ಏನರೆ ಹಚ್ಚಬಾರದ್ರಿ."

"ನಿನ್ನ ಗಂಡನ ಕಣ್ಣಾಗಿಂದ ಎಷ್ಟ ಸಲ ತಗದೇನಿ. ಕುಲ್ಡ ಆಗ್ಯಾನೇನ ಅಂವಾ?"

ನಾನು ಅವರಿಗೆ ಬಾಯಿಯ ಬ್ಯಾಕ್ಟೀರಿಯಾಗಳ ಬಗ್ಗೆ ಒಂದು ಸಣ್ಣ ಪಾಠವನ್ನೇ ಮಾಡಿದೆ. ಅವರು ಕೇಳುವಷ್ಟು ಕೇಳಿ ಎದ್ದುಹೋದರು. ಆ ಪಾಠ ಮಾಡುವಾಗ ನನ್ನ ರೆಪ್ಪೆಯ ಒಳಗೆ ಕ್ವಾರಿಯ ನೀರು ಇನ್ನೂ ಆರಿರಲಿಲ್ಲ. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ ಎನ್ನುವ ಮಾತನ್ನು ನಾನು ಬೇರೆಯವರಿಗೆ ಎಷ್ಟೋ ಸಲ ಅಂದಿದ್ದೇನೆ. ಅತ್ತೆ ಅಂದು ನನಗೆ ಅದನ್ನು ಅನ್ನಲಿಲ್ಲ, ಇಂದಿಗೂ ಅಂದಿಲ್ಲ.

ಕೆಲವೇ ದಿನಗಳಲ್ಲಿ ನೋವು ಶುರುವಾಯಿತು. ಅದು ಎಂಥ ನೋವೆಂದು ಹೇಳಲು ನನಗೆ ಬರುವುದಿಲ್ಲ. ಹೊರಗಿನಿಂದ ನೋಡಿದವರಿಗೆ ಕಣ್ಣು ಸ್ವಲ್ಪ ಕೆಂಪಾಗಿದೆ, ಅಷ್ಟೇ. ಒಳಗೆ ಮಾತ್ರ ಯಾರೋ ಕಣ್ಣಿನ ಹಿಂದಿನ ನರವನ್ನು ಹಿಡಿದು ಜಗ್ಗುತ್ತಿದ್ದಂತಿತ್ತು. ಊರಿನ ಡಾಕ್ಟರು ಕಣ್ಣುಬೇನೆ ಎಂದು ಹನಿ ಕೊಟ್ಟರು. ಕಡಿಮೆಯಾಗಲಿಲ್ಲ. ಇನ್ನೊಬ್ಬರು ವೈರಸ್ ಇರಬಹುದೆಂದು ಮುಲಾಮು ಬರೆದುಕೊಟ್ಟರು. ಎರಡು ದಿನ ತಗ್ಗಿದಂತೆ ಮಾಡಿ ಮತ್ತೆ ಎದ್ದಿತು. ಬೆಳಕು ಕಂಡರೆ ಸಾಕು, ಕಣ್ಣಿನಿಂದ ನೀರು ಇಳಿದು ಕುಪ್ಪಸ ತೋಯುತ್ತಿತ್ತು. ಕಾಲೇಜಿಗೆ ರಜೆ ಹಾಕಿ ಒಳಗಿನ ಕೋಣೆ ಸೇರಿದೆ.

ನಮ್ಮ ಮನೆಯವರು ಕಿಟಕಿಗೆ ಒಂದು ಚಂದ್ರಕಾಳಿ ಸೀರೆ ಕಟ್ಟಿದರು. ಮೈಯೆಲ್ಲ ಕಪ್ಪು, ಸೆರಗು ಕೆಂಪು, ನೇಯ್ದು ಮಡಿಚಿಟ್ಟ ಹೊಸ ಸೀರೆ. "ಮಾರೂ ಸೀರಿನ ಯಾರರೆ ಕಿಟಕಿಗೆ ಕಟ್ತಾರೇನ್ಲೇ?" ಎಂದು ಅತ್ತೆ ಗದರಿದರು. ಸ್ವಲ್ಪ ಹೊತ್ತಿಗೆ ತಾವೇ ಇನ್ನೊಂದು ಸೀರೆ ತಂದು, ಕದದ ಸಂದಿಗೆ ತುರುಕಿದರು. ಆ ಕತ್ತಲೆಯಲ್ಲಿ ಮಲಗಿ ನಾನು ಮಗ್ಗದ ಸದ್ದು ಕೇಳುತ್ತಿದ್ದೆ.

ಕೊನೆಗೆ ಬಾಗಲಕೋಟೆಯ ಕಣ್ಣಿನ ದವಾಖಾನೆಗೆ ಹೋದೆವು. ಅಲ್ಲಿ ನನ್ನನ್ನು ನೋಡಿದ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ನನ್ನ ಹಳೆಯ ವಿದ್ಯಾರ್ಥಿನಿಯರ ವಯಸ್ಸು. ದೀಪ ಹಾಯಿಸಿ ಬಹಳ ಹೊತ್ತು ನೋಡಿದಳು. ಕಣ್ಣಿನ ಮುಂದಿನ ಗಾಜಿನಂಥ ಪೊರೆಯಲ್ಲಿ, ಅದನ್ನು ಕಾರ್ನಿಯಾ ಎನ್ನುತ್ತಾರೆ, ಬಳೆಯ ಹಾಗೆ ಒಂದು ಬಿಳಿ ಸುತ್ತು ಬಂದಿದೆ ಎಂದಳು.

"ಕಣ್ಣಿಗೆ ಏನರೆ ಬಿದ್ದಿತ್ತೇನ್ರಿ ಮೇಡಂ?"

"ಕಲ್ಲಿನ ಪುಡಿ ಬಿದ್ದಿತ್ತವಾ. ಆಗಿಂದಾಗ ತೊಳಕೊಂಡೆ."

"ಯಾವ ನೀರಿಲೆ ತೊಳಕೊಂಡ್ರಿ? ಕೆರಿದು, ಹೊಂಡದ್ದು ಏನಾರ?"

ಅದುವರೆಗೆ ಕಂಡ ಡಾಕ್ಟರುಗಳಿಗೆಲ್ಲ ಧೂಳಿನ ವಿಷಯ ಹೇಳಿದ್ದೆ, ನೀರಿನ ವಿಷಯ ಹೇಳಿರಲಿಲ್ಲ. ಮುಚ್ಚಿಟ್ಟದ್ದಲ್ಲ. ತೊಳೆದುಕೊಂಡದ್ದು ಉಪಚಾರ, ಅದು ರೋಗಕ್ಕೆ ಕಾರಣವಾದೀತೆಂದು ನನ್ನ ತಲೆಗೆ ಬಂದಿರಲೇ ಇಲ್ಲ. ಆ ನೀರಿನಲ್ಲಿ ಏನಿರುತ್ತದೆಂದು ವರ್ಷ ವರ್ಷ ತೋರಿಸಿ ಪಾಠ ಮಾಡಿದವಳಿಗೆ ಅದೊಂದು ಹೊಳೆದಿರಲಿಲ್ಲ. ಆಕೆ ಮುಂದೆ ಏನು ಹೇಳಲಿದ್ದಾಳೆಂದು ನನಗೆ ಆ ಕ್ಷಣವೇ ತಿಳಿಯಿತು. ಹೊರಗಿನ ಬೆಂಚಿನ ಮೇಲೆ ನಮ್ಮ ಮನೆಯವರು ಬುತ್ತಿಯ ಗಂಟು ಹಿಡಿದುಕೊಂಡು ಕೂತಿದ್ದರು. ಅವರಿಗೆ ಹೇಗೆ ಹೇಳುವುದೆಂದು ಯೋಚಿಸುತ್ತಲೇ ಆಕೆಗೆ ಕ್ವಾರಿಯ ನೀರಿನ ವಿಷಯ ಹೇಳಿದೆ.

ಕಣ್ಣಿಗೆ ಮರಗಟ್ಟುವ ಔಷಧಿ ಹಾಕಿ, ಪೊರೆಯ ಮೇಲಿನಿಂದ ಸ್ವಲ್ಪ ಕೆರೆದು ತೆಗೆದು ಪರೀಕ್ಷೆಗೆ ಕಳಿಸಿದರು. ಅಮೀಬ ಇದ್ದರೆ ಬೆಳೆದು ಕಾಣಲಿ ಎಂದು, ಅಗರ್ ಎಂಬ ಗಟ್ಟಿ ಲೋಳೆಯನ್ನಷ್ಟೇ ಹಾಕಿದ ಗಾಜಿನ ತಟ್ಟೆಯ ಮೇಲೆ ಬ್ಯಾಕ್ಟೀರಿಯಾ ಸವರಿ ಅದರ ನಡುವೆ ಆ ಚೂರನ್ನು ಇಡುತ್ತಾರೆ. ಅಂದರೆ ಮೇವು ಹಾಕಿ ಕಾಯುವುದು. ನಾನು ಭರಣಿಯಲ್ಲಿ ಮಾಡುತ್ತಿದ್ದುದೂ ಅದೇ. ಮುಂದಿನ ಸಲ ಹೋದಾಗ, ನನಗೂ ತೋರಿಸಿ ಎಂದು ಹಟ ಹಿಡಿದೆ. ರೋಗಿಗಳಿಗೆ ಅದನ್ನೆಲ್ಲ ತೋರಿಸುವುದಿಲ್ಲ ಎಂದರು. ನಾನು ರೋಗಿಯಾಗುವ ಮೊದಲೇ ಇದನ್ನು ಕಲಿಸಿದವಳು ಎಂದು ದನಿ ಏರಿಸಿದೆ. ಲ್ಯಾಬಿನ ಹಿರಿಯ ಡಾಕ್ಟರು ಸುಮ್ಮನೆ ಕುರ್ಚಿ ಸರಿಸಿಕೊಟ್ಟರು.

ರೂಢಿಯಂತೆ ಬಲಗಣ್ಣನ್ನೇ ತಂದು ಇಟ್ಟೆ. ಬರಿಯ ಬಿಳಿ ಮಂಜು. ನಾಚಿಕೆಯಾಗಿ ಎಡಗಣ್ಣಿಗೆ ಬದಲಿಸಿದೆ.

ಅಲ್ಲಿ ಅದು ಇತ್ತು. ಬ್ಯಾಕ್ಟೀರಿಯಾದ ಹಾಸನ್ನು ಮೇಯುತ್ತ ಹೋದ ದಾರಿಗಳು ಕಾಣುತ್ತಿದ್ದವು, ಹಸಿ ಹೊಲದಲ್ಲಿ ದನ ತಿರುಗಾಡಿ ಹೋದ ಮೇಲೆ ಬೀಳುವ ದಾರಿಗಳ ಹಾಗೆ. ದಾರಿಯ ಕೊನೆಯಲ್ಲಿ ಒಂದೊಂದು ಅಮೀಬ. ನಾನು ಬೋರ್ಡಿನ ಮೇಲೆ ಬರೆಯುತ್ತಿದ್ದ ಅಮೀಬದ ದಾಯಾದಿ ಇದು, ಅದಕ್ಕಿಂತ ಬಹಳ ಸಣ್ಣದು, ಮೈತುಂಬ ಮುಳ್ಳಿನಂಥ ತುದಿಗಳು. ಒಳಗಿನ ನೀರಿನ ಗುಳ್ಳೆ ನಿಧಾನವಾಗಿ ಹಿಗ್ಗಿ ಥಟ್ಟನೆ ಮಾಯವಾಗಿ ಮತ್ತೆ ಹಿಗ್ಗುತ್ತಿತ್ತು. ಅದು ನನ್ನ ಕಣ್ಣಿನಿಂದ ಬಂದದ್ದು, ನನ್ನ ಕಣ್ಣನ್ನು ತಿಂದು ಬದುಕಿದ್ದು. ಅದಕ್ಕೆ ನನ್ನ ಮೇಲೆ ದ್ವೇಷವಿಲ್ಲ, ನನ್ನ ಪರಿಚಯವೂ ಇಲ್ಲ. ಇಷ್ಟು ವರ್ಷ ಪ್ರೀತಿಯಿಂದ ಮಾತಾಡಿದ್ದು ಎಂಥದ್ದರ ಜೊತೆಗೆ ಎಂದು ಅನಿಸಿ ನನಗೆ ಹೆದರಿಕೆಯಾಯಿತು.

ಹೊರಗೆ ಬಂದು ನಮ್ಮ ಮನೆಯವರಿಗೆ ಹೇಳಿದೆ. ಅವರು ಬುತ್ತಿಯ ಗಂಟನ್ನು ಬೆಂಚಿನ ಮೇಲಿಟ್ಟರು.

"ಮೇವ ಹಾಕಿ ಸಾಕಿದ್ದಿಯಲ್ಲ," ಎಂದರು. "ನಿನ್ನ ದನಾನ ನಿನ್ನ ಕಣ್ಣ ಮೇದಾವು."

ಅವರು ಅದನ್ನು ಹಂಗಿಸಿ ಹೇಳಲಿಲ್ಲ. ಹೇಳಿ, ಗಂಟನ್ನು ಆಚೆ ಸರಿಸಿ ನನಗೆ ಜಾಗ ಮಾಡಿದರು. ನಾನು ಅವರ ಪಕ್ಕ ಕೂತು, ಎಷ್ಟೋ ದಿನದ ಮೇಲೆ, ಜನ ನೋಡುತ್ತಾರೆಂಬ ಪರಿವೆ ಇಲ್ಲದೆ ಅತ್ತುಬಿಟ್ಟೆ. ಅತ್ತರೆ ಕಣ್ಣು ಇನ್ನಷ್ಟು ಉರಿಯುತ್ತಿತ್ತು.

ಡಾಕ್ಟರಮ್ಮ ಮುಂದಿನದನ್ನು ಬಿಡಿಸಿ ಹೇಳಿದಳು. ಓಡಾಡುವ ಅಮೀಬವನ್ನು ಕೊಲ್ಲುವುದು ಕಷ್ಟವಲ್ಲ. ಕಷ್ಟವಿರುವುದು ಅದು ಮಲಗಿದಾಗ. ಔಷಧಿ ತಾಗುತ್ತಿದ್ದಂತೆ, ಮೇವು ತೀರುತ್ತಿದ್ದಂತೆ, ಅದು ಮೈ ಮುದುಡಿಕೊಂಡು ಸುತ್ತಲೂ ಎರಡು ಗೋಡೆ ಕಟ್ಟಿಕೊಂಡು ಒಳಗೆ ಮಲಗುತ್ತದೆ. ಅದೇ ಸಿಸ್ಟ್. ಕಾಲ ಅನುಕೂಲವಾದಾಗ ಗೋಡೆ ಬಿಟ್ಟು ಹೊರಗೆ ಬರುತ್ತದೆ. ನಾನು ತಲೆಯಾಡಿಸುತ್ತಿದ್ದೆ. ಈ ಪಾಠವನ್ನು ನಾನು ಎಷ್ಟು ಚೆನ್ನಾಗಿ ಮಾಡುತ್ತಿದ್ದೆನೆಂದರೆ, ಕೊನೆಯ ಬೆಂಚಿನವರೂ ಕೇಳುತ್ತಿದ್ದರು. ಎಂಥ ಜಾಣ ಜೀವ ನೋಡಿರಿ, ಕೆಟ್ಟ ಕಾಲ ಬಂದರೆ ಮಲಗಿ ಕಳೆಯುತ್ತದೆ ಎನ್ನುತ್ತಿದ್ದೆ.

ಔಷಧಿ ಗಂಟೆಗೊಂದು ಸಲ ಹಾಕಬೇಕಿತ್ತು. ಈಜುಕೊಳದ ನೀರನ್ನು ಶುಚಿ ಮಾಡಲು ಬಳಸುವ ಜಾತಿಯದೇ ಔಷಧಿ, ತೆಳು ಮಾಡಿ ಕಣ್ಣಿಗೆ. ಬಿದ್ದಾಗ ಕೆಂಡ ಇಟ್ಟಂತೆ ಆಗುತ್ತಿತ್ತು. ಹಾಕುವ ಕೆಲಸ ನಮ್ಮ ಮನೆಯವರದು. ಅವರು ಮಗ್ಗದ ಮೇಲೆ ಕೂತು ನೇಯುತ್ತಲೇ ಹೊತ್ತು ನೋಡಿಕೊಂಡು, ಲಾಳಿ ನಿಲ್ಲಿಸಿ, ಕೈ ತೊಳೆದು ಒಳಗೆ ಬರುತ್ತಿದ್ದರು. ನಾನು ಕತ್ತಲೆಯಲ್ಲಿ ಮಲಗಿ ಕೇಳುತ್ತಿದ್ದೆ. ಮಗ್ಗ ಸದ್ದು ಮಾಡುವಷ್ಟು ಹೊತ್ತು ನನಗೆ ಬಿಡುವು. ಮಗ್ಗ ನಿಂತಿತೆಂದರೆ ಹನಿ ಬರುತ್ತದೆ. ಮದುವೆಯಾಗಿ ಬಂದ ಹೊಸದರಲ್ಲಿ ಆ ಸದ್ದಿಗೆ ತಲೆನೋವು ಬರುತ್ತದೆಂದು ಜಗಳವಾಡಿದವಳು ನಾನು. ಈಗ ಅದು ನಿಲ್ಲದಿರಲಿ ಎಂದು ಬೇಡಿಕೊಳ್ಳುತ್ತಿದ್ದೆ. ನಿಂತ ಕೂಡಲೇ ಹಲ್ಲು ಕಚ್ಚಿ ಚಾದರ ಹಿಡಿದುಕೊಳ್ಳುತ್ತಿದ್ದೆ. ಅವರ ಹೆಜ್ಜೆಯ ಸದ್ದನ್ನು ನಾನು ದ್ವೇಷಿಸಿದ್ದೂ ಉಂಟು.

"ಕಣ್ಣ ತಗಿ."

"ತಗಿಯಂಗಿಲ್ರಿ. ಸಾಕ ಮಾಡ್ರಿ."

"ಹಟ ಮಾಡಬ್ಯಾಡ. ತಗಿ."

ಒಂದು ಸಲ ಅವರ ಕೈ ಬಡಿದು ಔಷಧಿಯ ಬಾಟಲಿಯನ್ನು ಗೋಡೆಗೆ ಎಸೆದೆ. ಅವರು ಏನೂ ಅನ್ನದೆ ಬಾಗಲಕೋಟೆಯ ಬಸ್ಸು ಹತ್ತಿ ಹೋಗಿ ಇನ್ನೊಂದು ತಂದರು. ಅವರು ಬರುವ ತನಕ ಮಗ್ಗ ನಿಂತೇ ಇತ್ತು, ಹನಿಯೂ ಇರಲಿಲ್ಲ. ನನ್ನ ಜೀವನದ ಅತ್ಯಂತ ಕೆಟ್ಟ ಮಧ್ಯಾಹ್ನ ಅದು. ನಾನು ಬಡಿದದ್ದು ನನಗೆ ಹನಿ ಹಾಕುವ ಕೈಯನ್ನು ಎಂದು ನೆನೆದು ನೆನೆದು ನನ್ನನ್ನೇ ಬೈದುಕೊಂಡೆ.

ಆ ದಿನಗಳಲ್ಲೇ ಅತ್ತೆ ಹಿತ್ತಿಲಿನಲ್ಲಿ ಒಂದು ಭರಣಿಯನ್ನು ಕಂಡರು. ಕ್ವಾರಿಯಿಂದ ತಂದ ನೀರನ್ನು ಅದೇ ಸಂಜೆ ನಾನು ಭರಣಿಗೆ ಸುರಿದು, ಕಣಿಕೆ ಹಾಕಿ, ಬಚ್ಚಲ ಗೋಡೆಯ ನೆರಳಿಗೆ ಇಟ್ಟಿದ್ದೆ. ಮರುದಿನ ಕಾಲೇಜಿಗೆ ಒಯ್ಯಬೇಕೆಂದು. ಕಣ್ಣಿನ ಗಲಾಟೆಯಲ್ಲಿ ಮರೆತೇಹೋಗಿತ್ತು. ನಮ್ಮ ಮನೆಯವರು ಅದನ್ನು ಎರಡು ಕೈಯಲ್ಲಿ ಹಿಡಿದುಕೊಂಡು ಕೋಣೆಯ ಬಾಗಿಲಿಗೆ ಬಂದು ನಿಂತರು. ನೀರು ತಿಳಿಯಾಗಿ ನಿಂತಿತ್ತು. ನಾನು ಕತ್ತಲೆಯಲ್ಲಿ ನರಳುತ್ತಿದ್ದ ಅಷ್ಟೂ ದಿನ ಅವು ಅಲ್ಲಿ ತಣ್ಣಗೆ ಮೇಯ್ದುಕೊಂಡು ಇದ್ದವು.

"ಇದನ್ನ ಏನ್ ಮಾಡ್ಲಿ?"

"ಕುದಸ್ರಿ. ತಾಸಗಟ್ಟಲೆ ಕುದಸ್ರಿ. ಭರಣಿ ಸಹಿತ ಕುದಸ್ರಿ."

"ಎಲ್ಲಾ ಸಾಯ್ತಾವಲ್ಲ," ಎಂದರು. ಒಮ್ಮೆಯೂ ನೋಡದ ಜೀವಗಳ ಬಗ್ಗೆ ಅವರಿಗೆ ಎಲ್ಲಿಯ ಮರುಕವೋ. "ಇದರಾಗ ಎಲ್ಲಾವೂ ಅಂಥಾವ ಇರಂಗಿಲ್ಲ, ಹೌದಲ್ಲೋ? ನೀನ ಹೇಳ್ತಿದ್ದಿ."

ಹೌದು, ನಾನೇ ಹೇಳುತ್ತಿದ್ದೆ. ಒಂದು ಭರಣಿಯಲ್ಲಿ ನೂರು ಬಗೆಯವು ಇರುತ್ತವೆ, ಬಹುಪಾಲು ಯಾರ ತಂಟೆಗೂ ಹೋಗುವುದಿಲ್ಲ. ಅಂದು ನನಗೆ ಒಂದರ ಮೇಲೂ ಕರುಣೆ ಇರಲಿಲ್ಲ. ಹಂಡೆಯ ನೀರು ಕುದಿಯುವ ಸದ್ದು ಕೇಳುವವರೆಗೆ ನಾನು ಸುಮ್ಮನಾಗಲಿಲ್ಲ. ಕೊಳೆತ ಕಣಿಕೆಯ ವಾಸನೆ ಮನೆಯೆಲ್ಲ ಹರಡಿತು. ಅತ್ತೆ ಊದುಬತ್ತಿ ಹಚ್ಚಿದರು.

ತಿಂಗಳುಗಳು ಹೋದವು. ಒಮ್ಮೆ ಬಿಳಿಯ ಸುತ್ತು ತೆಳುವಾಯಿತು ಎನ್ನುವರು, ಮುಂದಿನ ಸಲ ಮತ್ತೆ ದಟ್ಟವಾಗಿದೆ ಎನ್ನುವರು. ಔಷಧಿ ಜೋರಾದಾಗ ಅವು ಮಲಗುತ್ತಿದ್ದವು. ಕಡಿಮೆ ಮಾಡಿದಾಗ ಏಳುತ್ತಿದ್ದವು. ಅತ್ತೆ ಬನಶಂಕರಿಗೆ ಬೆಳ್ಳಿಯ ಕಣ್ಣು ಹರಕೆ ಹೊತ್ತು, ಚೊಳಚಗುಡ್ಡಕ್ಕೆ ಹೋಗಿ ಒಪ್ಪಿಸಿ ಬಂದರು. ಕೆಟ್ಟಿರುವುದು ಒಂದೇ ಕಣ್ಣಲ್ಲವೇ, ಎರಡು ಯಾಕೆ ಕೊಟ್ಟಿರಿ ಎಂದು ನಾನು ಕೊಂಕು ಆಡಿದೆ. "ತಾಯಿಗೆ ಒಂದ ಕಣ್ಣ ಕೊಡ್ತಾರೇನ ತಂಗಿ? ಇನ್ನೊಂದನ್ನೂ ಕಾಯಬೇಕಲ್ಲ ಆಕಿ," ಎಂದರು. ಎಡಗಣ್ಣಿಗೂ ಬಂದರೆ ಎಂಬ ಭಯದಲ್ಲಿ ನಾನು ಮುಖ ತೊಳೆಯುವ ನೀರನ್ನೂ ಕುದಿಸಿ ಆರಿಸಿಕೊಳ್ಳುತ್ತಿದ್ದೆ.

ನೋವು ಸ್ವಲ್ಪ ತಗ್ಗಿದ್ದ ಒಂದು ರವಿವಾರ, ನಾನೇ ಹೋಗಿ ಮಗ್ಗದ ಎದುರು ಕೂತೆ. ಸೆರಗು ಕೂಡಿಸುವ ಕೆಲಸ ಅವರೊಬ್ಬರಿಂದಲೇ ಆಗುತ್ತಿರಲಿಲ್ಲ. ಓಣಿಯ ಯಾರನ್ನೋ ಕರೆಯುತ್ತಿದ್ದರು. ಎಳೆ ಎತ್ತಿ ಕೊಂಡಿಗೆ ಹಾಕಲು ಹೋದೆ. ಬೆರಳು ಎಳೆಗಿಂತ ಕೂದಲೆಳೆಯಷ್ಟು ಈಚೆಗೇ ನಿಂತಿತು. ಮತ್ತೆ ಹಾಕಿದೆ, ಆಚೆಗೆ ಹೋಯಿತು. ಒಂದು ಕಣ್ಣಿಗೆ ದೂರ ಹತ್ತಿರ ತಿಳಿಯುವುದಿಲ್ಲವೆಂದು ನನಗೆ ಗೊತ್ತಿತ್ತು. ಚಹಾವನ್ನು ಕಪ್ಪಿನ ಹೊರಗೆ ಸುರಿದುಕೊಂಡು ಕಲಿತಿದ್ದೆ. ಆದರೂ ಕೈಗೆ ರೂಢಿಯಿದೆ, ಕೈಯೇ ಮಾಡೀತು ಅಂದುಕೊಂಡಿದ್ದೆ. ನಮ್ಮ ಮನೆಯವರು ತಲೆ ತಗ್ಗಿಸಿ ತಮ್ಮ ಕಡೆಯ ಎಳೆಗಳನ್ನು ಸುಮ್ಮನೆ ಸವರುತ್ತಿದ್ದರು. ನಾನು ತಪ್ಪುವುದನ್ನು ನೋಡಬಾರದೆಂದು ಹಾಗೆ ಮಾಡುತ್ತಿದ್ದರು. ಎದ್ದು ಬಂದುಬಿಟ್ಟೆ.

ಆ ವಾರ ಬಾಗಲಕೋಟೆಗೆ ಹೋದಾಗ ಡಾಕ್ಟರಮ್ಮನಿಗೆ ಹೇಳಿದೆ. "ಕಿತ್ತ ಹಾಕ್ರವಾ ಈ ಕಣ್ಣ. ನನಗ ಬ್ಯಾಡಾಗೇತಿ. ಕಣ್ಣ ಹೋದ್ರ ಹೋಗ್ಲಿ, ಇವು ಹೋಗ್ಲಿ." ಹೇಳುವಾಗ ನನ್ನ ದನಿ ನನಗೇ ಗುರುತು ಸಿಗಲಿಲ್ಲ. ಆಕೆ ನನ್ನ ಕೈ ಹಿಡಿದುಕೊಂಡಳು. ಕಣ್ಣು ತೆಗೆಯುವುದು ಬೇಡ, ಕೆಟ್ಟ ಪೊರೆಯನ್ನಷ್ಟೇ ಕತ್ತರಿಸಿ ತೆಗೆದು, ಸತ್ತವರು ದಾನ ಮಾಡಿದ ಪೊರೆಯನ್ನು ಅಲ್ಲಿ ಹೊಲಿಯೋಣ ಎಂದಳು. ಅಮೀಬಗಳು ಕತ್ತರಿಸಿದ ಭಾಗದಲ್ಲಷ್ಟೇ ಇದ್ದರೆ ಕಣ್ಣು ಉಳಿಯುತ್ತದೆ. ಅಂಚಿನಾಚೆಗೂ ಹೋಗಿದ್ದರೆ ಹೊಸದನ್ನೂ ತಿನ್ನುತ್ತವೆ. ನಾನು ಆಗಲಿ ಎಂದೆ. ಬೇರೆ ದಾರಿ ಇರಲಿಲ್ಲ.

ಶಸ್ತ್ರಚಿಕಿತ್ಸೆಯಾಗಿ ಕೆಲವು ದಿನಗಳ ಮೇಲೆ ಲ್ಯಾಬಿನ ಹಿರಿಯ ಡಾಕ್ಟರು ನಮ್ಮನ್ನು ಒಳಗೆ ಕರೆದರು. ನನ್ನ ಕಣ್ಣಿನಿಂದ ತೆಗೆದ ಪೊರೆಯನ್ನು ತೆಳುವಾಗಿ ಸೀಳಿ, ಬಣ್ಣ ಕೊಟ್ಟು, ಸ್ಲೈಡ್ ಮಾಡಿ ಸೂಕ್ಷ್ಮದರ್ಶಕದ ಕೆಳಗೆ ಇಟ್ಟಿದ್ದರು. ನನಗೆ ತೋರಿಸಲೆಂದೇ ಕರೆದದ್ದು. ನಾನು ಬಾಗಿದೆ. ಎಡಗಣ್ಣಿನಲ್ಲಿ ನೀರು ತುಂಬಿಕೊಂಡು ಏನೂ ಕಾಣಲಿಲ್ಲ. ಒರೆಸಿಕೊಂಡು ಬಾಗಿದೆ, ಮತ್ತೆ ತುಂಬಿತು.

"ನೀ ಸರಿ," ಎಂದರು ನಮ್ಮ ಮನೆಯವರು. "ನಾ ನೋಡ್ತೇನಿ."

ನಾನು ಎದ್ದು ನಿಂತೆ. ಅವರು ಕುರ್ಚಿಯ ತುದಿಗೆ ಕೂತು, ಎಳೆ ನೋಡುವಾಗ ಮಾಡುವಂತೆ ಉಸಿರು ಬಿಗಿಹಿಡಿದು, ಕಣ್ಣಿಟ್ಟರು. ಬಹಳ ಹೊತ್ತು ಅಲ್ಲಾಡಲಿಲ್ಲ.

"ಹಾಸ ಕಾಣಸ್ತೈತಿ," ಎಂದರು. "ಎಳಿ ಎಳಿ, ಒಂದರ ಮ್ಯಾಲ ಒಂದು. ಭಾಳ ನುಣಪ ಐತಿ. ಇದು ನಿನ್ನ ಕಣ್ಣೇನ?"

"ಹೌದ್ರಿ."

"ಎಳಿ ನಡುವ ದುಂಡಾನವು ಕುಂತಾವು. ಎರಡ ಗೋಡಿ. ಹೊರಗಿನ ಗೋಡಿ ನಿರಿಗಿ ಬಿದ್ದೈತಿ, ಒಳಗಿಂದು ಮೂಲಿ ಮೂಲಿ." ಇನ್ನಷ್ಟು ಮುಂದಕ್ಕೆ ಬಾಗಿ ಹೇಳಿದರು. "ಅಂಚಿನ ತನಕ ಅದಾವು."

ನಾನು ಡಾಕ್ಟರ ಮುಖ ನೋಡಿದೆ. ಅವರು ಅಲ್ಲಗಳೆಯಲಿಲ್ಲ.

"ಇವು ಸತ್ತಾವೇನ್ರಿ ಡಾಕ್ಟರ?" ನಮ್ಮ ಮನೆಯವರು ಕಣ್ಣು ತೆಗೆಯದೆಯೇ ಕೇಳಿದರು.

"ಸ್ಲೈಡಿನಾಗಿನೂವು ಸತ್ತಾವ್ರಿ. ಅಂಚಿನಾಚೆ ಕಣ್ಣಾಗ ಉಳದಿದ್ರ ಅವು ಗೊತ್ತಾಗಂಗಿಲ್ಲ. ಹನಿ ಹಾಕ್ಕೋತ ಇರಬೇಕು. ನೋಡಬೇಕು."

ಬಸ್ಸು ಹತ್ತಿ ಇಳಕಲ್ಲಿಗೆ ಮರಳಿದೆವು. ಮನೆಗೆ ಬಂದು, ಅತ್ತೆ ಕೊಟ್ಟ ಚಹಾ ಕುಡಿದು, ಅವರು ಮಗ್ಗದ ಕುಣಿಯ ಅಂಚಿಗೆ ಕೂತರು. ನಾನು ಎದುರಿನ ಗೋಡೆಗೆ ಒರಗಿ ಕೂತೆ. ಅರ್ಧ ನೇಯ್ದ ಸೀರೆ ಮಗ್ಗದ ಮೇಲಿತ್ತು.

"ಎಷ್ಟ ದಿನ ಮಲಗತಾವ ಅವು?"

ನನಗೆ ಉತ್ತರ ಗೊತ್ತು. ವರ್ಷಗಟ್ಟಲೆ ಒಣಗಿ ಬಿದ್ದಿದ್ದರೂ ಒಂದು ಹನಿ ನೀರು, ಸ್ವಲ್ಪ ಮೇವು ಸಿಕ್ಕರೆ ಗೋಡೆ ಬಿಟ್ಟು ಎದ್ದು ಬರುತ್ತವೆ. ಪರೀಕ್ಷೆಯಲ್ಲಿ ಇದನ್ನು ತಪ್ಪು ಬರೆದವರಿಗೆ ನಾನು ಅರ್ಧ ಅಂಕವನ್ನೂ ಕೊಟ್ಟವಳಲ್ಲ.

"ಔಷಧಿ ಮುಂದ ಭಾಳ ದಿನ ನಿಲ್ಲಂಗಿಲ್ರಿ," ಎಂದೆ. "ಈ ಹಾಸ ಮುಗಿಯೂದ್ರಾಗ ಎಲ್ಲಾ ಸಾಯ್ತಾವು."

ಅವರು ನನ್ನ ಮುಖವನ್ನು ನೋಡಿದರು. ಹೊಲಿಗೆ ಹಾಕಿದ ಕಣ್ಣನ್ನಲ್ಲ, ಇನ್ನೊಂದನ್ನು.

"ಸುಳ್ಳ ಹೇಳಬ್ಯಾಡ," ಎಂದರು. "ಈಗ ನಾನೂ ನೋಡೇನಿ."

ಆಮೇಲೆ ಕುಣಿಗೆ ಕಾಲು ಇಳಿಬಿಟ್ಟರು. ಮಗ್ಗ ಸದ್ದು ಮಾಡತೊಡಗಿತು. ನಾನು ಗೋಡೆಗೆ ಒರಗಿ ಎರಡೂ ಕಣ್ಣು ಮುಚ್ಚಿಕೊಂಡು, ಅದು ನಿಲ್ಲುವುದನ್ನು ಕಾಯುತ್ತ ಕೂತೆ.